ಒಂದೇ ಕಾರ್ಖಾನೆಯ ಕೆಂಪು: 2016ರ ಪೋರ್ಟ್‌ಲ್ಯಾಂಡ್ ಪ್ರಕರಣ, ಕಿಲ್ನ್ ಗಾಜಿನ ಕಲಾವಿದರ ಕಡೆಯಿಂದ

ಅಮೆರಿಕದ ಆರೆಗನ್ ರಾಜ್ಯದ ಪೋರ್ಟ್‌ಲ್ಯಾಂಡ್ ನಗರದ ಆಗ್ನೇಯ ಭಾಗದಲ್ಲಿ, ಮನೆ, ಶಾಲೆಗಳಿರುವ ಬಡಾವಣೆಗೆ ತಾಗಿಕೊಂಡಂತೆ, ಬುಲ್ಸ್‌ಐ ಗ್ಲಾಸ್ ಕಂಪನಿ 1974ರಿಂದ ಬಣ್ಣದ ಗಾಜಿನ ಹಾಳೆಗಳನ್ನು ತಯಾರಿಸುತ್ತ ಬಂದಿದೆ. ಈ ಕಾರ್ಖಾನೆಯ ಸುತ್ತಲಿನ ಗಾಳಿಯಲ್ಲಿ ಕ್ಯಾಡ್ಮಿಯಂ ಮತ್ತು ಆರ್ಸೆನಿಕ್ ಮಿತಿಮೀರಿ ಕಂಡುಬಂದಿವೆ ಎಂಬ ಸುದ್ದಿ 2016ರ ಫೆಬ್ರವರಿ ಮೊದಲ ವಾರ ಹೊರಬಿದ್ದಿತು. ಕಂಪನಿಯು ಆ ಎರಡು ವಸ್ತುಗಳ ಬಳಕೆಯನ್ನು ತಾನಾಗಿಯೇ ನಿಲ್ಲಿಸಿತು. ಅದರೊಂದಿಗೆ ಕೆಂಪು, ಕಿತ್ತಳೆ ಮತ್ತು ಗಾಢ ಹಳದಿ ಬಣ್ಣಗಳ ಹೊಸ ಉತ್ಪಾದನೆಯೂ ನಿಂತಿತು.

ಈ ಘಟನೆಯನ್ನು ಪರಿಸರದ ಪ್ರಕರಣವೆಂದು ಓದುವುದು ರೂಢಿ, ಅದು ಸರಿಯೂ ಹೌದು. ಪ್ರಸ್ತುತ ಬರಹವು ಅದೇ ಘಟನೆಯನ್ನು ಸ್ಟುಡಿಯೊದ ಒಳಗಿನಿಂದ, ಅಂದರೆ ಕಿಲ್ನ್ ಎಂಬ ವಿದ್ಯುತ್ ಗೂಡಿನಲ್ಲಿ ಗಾಜಿನ ಹಾಳೆಗಳನ್ನು ಬೆಸೆದು ತಟ್ಟೆ, ಫಲಕ, ಶಿಲ್ಪಗಳನ್ನು ಮಾಡಿ ಮಾರುವ ಕಲಾವಿದರ ಕಡೆಯಿಂದ ನೋಡುತ್ತದೆ. ಗಾಜು ಊದುವವರಿಗಾಗಲಿ ಸೀಸದ ಪಟ್ಟಿಯಲ್ಲಿ ಗಾಜು ಕೂರಿಸಿ ಕಿಟಕಿ ಮಾಡುವವರಿಗಾಗಲಿ ಇಷ್ಟು ಪೆಟ್ಟು ಬೀಳಲಿಲ್ಲ ಎಂಬುದು ಇಲ್ಲಿ ಗಮನಿಸಬೇಕಾದ ಸಂಗತಿ. ಪೆಟ್ಟಿನ ಮೂಲ ಕಿಲ್ನ್ ಕೆಲಸದ ತಂತ್ರದಲ್ಲೇ ಇದೆ. ಆದ್ದರಿಂದ ತಂತ್ರದಿಂದಲೇ ಆರಂಭಿಸಬೇಕಾಗುತ್ತದೆ.

ಹೊಂದಾಣಿಕೆಯ ಗಾಜು

ಕಿಟಕಿಯಲ್ಲಿ ಬಣ್ಣದ ತುಂಡುಗಳ ನಡುವೆ ಸೀಸದ ಪಟ್ಟಿ ಇರುತ್ತದೆ. ಒಂದು ತುಂಡು ಹಿಗ್ಗಿದರೂ ಕುಗ್ಗಿದರೂ ಪಕ್ಕದ ತುಂಡಿಗೆ ಅದರ ಬಾಧೆಯಿಲ್ಲ. ಫ್ಯೂಸಿಂಗ್‌ನಲ್ಲಿ, ಅಂದರೆ ಕಿಲ್ನ್‌ನಲ್ಲಿ ಹಾಳೆಗಳನ್ನು ಬೆಸೆಯುವ ಕೆಲಸದಲ್ಲಿ, ಅಂಥ ಬಿಡುವು ಇಲ್ಲ. ಸುಮಾರು 3 ಮಿಲಿಮೀಟರ್ ದಪ್ಪದ ಎರಡು ಹಾಳೆಗಳನ್ನು ಒಂದರ ಮೇಲೊಂದಿಟ್ಟು 800 ಡಿಗ್ರಿ ಸೆಲ್ಸಿಯಸ್ ದಾಟಿಸಿದಾಗ ಅವು ಕರಗಿ ಒಂದೇ ಹಲಗೆಯಾಗುತ್ತವೆ. ತಣಿಯುವಾಗ ಎರಡೂ ಒಂದೇ ಪ್ರಮಾಣದಲ್ಲಿ ಕುಗ್ಗಬೇಕು, ಇಲ್ಲದಿದ್ದರೆ ಒಂದು ಇನ್ನೊಂದನ್ನು ಜಗ್ಗುತ್ತದೆ. ಆ ಜಗ್ಗಾಟ ಗಾಜಿನೊಳಗೆ ಬಿಗಿತವಾಗಿ ಉಳಿಯುತ್ತದೆ. ಹಲಗೆ ಕಿಲ್ನ್‌ನಲ್ಲೇ ಸೀಳಬಹುದು, ಇಲ್ಲವೇ ಗಿರಾಕಿಯ ಮನೆಯ ಗೋಡೆಯ ಮೇಲೆ ತಿಂಗಳುಗಟ್ಟಲೆ ಸುಮ್ಮನಿದ್ದು ಒಂದು ದಿನ ಬಿರುಕು ಬಿಡಬಹುದು. ಕಲಾವಿದರ ಹೆಸರಿಗೆ ಹೆಚ್ಚು ಹಾನಿ ಮಾಡುವುದು ಎರಡನೆಯದು.

ಬುಲ್ಸ್‌ಐ ಗಾಜಿನ ವ್ಯಾಕೋಚನ ಗುಣಾಂಕವನ್ನು ವ್ಯಾಪಾರದಲ್ಲಿ 90 ಎನ್ನುತ್ತಾರೆ. ವಾಷಿಂಗ್ಟನ್ ರಾಜ್ಯದ ಸ್ಪೆಕ್ಟ್ರಮ್ ಕಂಪನಿಯ ಗಾಜನ್ನು 96 ಎನ್ನುತ್ತಿದ್ದರು. ಒಂದು ಡಿಗ್ರಿಗೆ, ಮೂಲ ಉದ್ದದ ಒಂದು ಕೋಟಿ ಭಾಗದಲ್ಲಿ ಎಷ್ಟು ಭಾಗ ಹಿಗ್ಗುತ್ತದೆ ಎಂಬುದು ಈ ಸಂಖ್ಯೆಯ ಅರ್ಥ. ಬುಲ್ಸ್‌ಐ ಗಾಜು ಪೂರ್ತಿ ಗಟ್ಟಿಯಾಗುವ ಸುಮಾರು 490 ಡಿಗ್ರಿಯಿಂದ ಕೋಣೆಯ ಉಷ್ಣಾಂಶಕ್ಕೆ ಇಳಿಯುವಾಗ, ಸ್ಥೂಲವಾಗಿ ಲೆಕ್ಕ ಹಾಕಿದರೆ, 30 ಸೆಂಟಿಮೀಟರ್ ಅಗಲದ ಹಲಗೆಯೊಂದು ಸುಮಾರು 1.27 ಮಿಲಿಮೀಟರ್ ಕುಗ್ಗುತ್ತದೆ. ಅದೇ ಅಳತೆಯ 96ರ ಗಾಜು ಸುಮಾರು 1.35 ಮಿಲಿಮೀಟರ್ ಕುಗ್ಗುತ್ತದೆ. ಎರಡರ ನಡುವಿನ ವ್ಯತ್ಯಾಸ ಒಂದು ಕೂದಲೆಳೆಯ ದಪ್ಪದಷ್ಟು. ಹಲಗೆ ಸೀಳಲು ಅಷ್ಟೇ ಸಾಕು.

ಆದರೆ ಸಂಖ್ಯೆ ಒಂದೇ ಆದ ಮಾತ್ರಕ್ಕೆ ಎರಡು ಗಾಜುಗಳು ಹೊಂದುತ್ತವೆ ಎನ್ನುವಂತಿಲ್ಲ. ಗಾಜು ದ್ರವಸ್ಥಿತಿಯಿಂದ ಘನಸ್ಥಿತಿಗೆ ಬರುವ ಹಂತದಲ್ಲಿ ಅದರ ಸ್ನಿಗ್ಧತೆ, ಅಂದರೆ ಹರಿಯುವುದಕ್ಕೆ ಅದು ಒಡ್ಡುವ ಪ್ರತಿರೋಧ, ವ್ಯಾಕೋಚನದಷ್ಟೇ ಮುಖ್ಯವಾಗುತ್ತದೆ. ಬಣ್ಣ ಕೊಡುವ ಲೋಹ ಬದಲಾದರೆ ಈ ಎರಡೂ ಗುಣಗಳು ಅತ್ತಿತ್ತ ಸರಿಯುತ್ತವೆ. ಕೋಬಾಲ್ಟಿನ ನೀಲಿ, ತಾಮ್ರದ ವೈಡೂರ್ಯ ಬಣ್ಣ, ಚಿನ್ನದ ಗುಲಾಬಿ, ಕ್ರೋಮಿಯಂನ ಹಸಿರು ಇವೆಲ್ಲವೂ ಒಂದೇ ಹಲಗೆಯಲ್ಲಿ ಬೆಸೆಯುವಂತಾಗಬೇಕಾದರೆ ಪ್ರತಿಯೊಂದರ ಪಾಕವನ್ನೂ ಕಾರ್ಖಾನೆಯಲ್ಲೇ ಹದಗೊಳಿಸಿ, ಪ್ರತಿ ಎರಕವನ್ನೂ ಪರೀಕ್ಷಿಸಿ ಹೊರಬಿಡಬೇಕು.

ಆ ಪರೀಕ್ಷೆಯನ್ನು ಸ್ಟುಡಿಯೊದಲ್ಲೂ ಮಾಡಬಹುದು, ಮಾಡಬೇಕು ಕೂಡ. ಪಾರದರ್ಶಕ ಗಾಜಿನ ಒಂದು ಪಟ್ಟಿಯ ಮೇಲೆ ಬಣ್ಣಬಣ್ಣದ ಸಣ್ಣ ಚೂರುಗಳನ್ನು ದೂರದೂರ ಇಟ್ಟು, ಪೂರ್ಣ ಫ್ಯೂಸಿಂಗ್ ಉಷ್ಣಾಂಶಕ್ಕೆ ಕಾಯಿಸಿ, ಕ್ರಮವಾಗಿ ತಣಿಸಲಾಗುತ್ತದೆ. ಬಳಿಕ ಆ ಪಟ್ಟಿಯನ್ನು ಒಂದಕ್ಕೊಂದು ಅಡ್ಡವಾಗಿ ತಿರುಗಿಸಿದ ಎರಡು ಧ್ರುವೀಕರಣ ಹಾಳೆಗಳ ನಡುವೆ ಹಿಡಿದು ಕೆಳಗಿನಿಂದ ಬೆಳಕು ಹಾಯಿಸಿದರೆ ಹಿನ್ನೆಲೆ ಕಪ್ಪಾಗಿ ಕಾಣುತ್ತದೆ. ಹೊಂದಿಕೊಂಡ ಚೂರಿನ ಸುತ್ತಲೂ ಆ ಕಪ್ಪು ಹಾಗೆಯೇ ಇರುತ್ತದೆ. ಹೊಂದದ ಚೂರಿನ ಅಂಚಿನಲ್ಲಿ, ಮುಖ್ಯವಾಗಿ ಮೂಲೆಗಳಲ್ಲಿ, ಬಿಳಿಯ ಪ್ರಭೆಯೊಂದು ಹೊಳೆಯುತ್ತದೆ. ಪ್ರಭೆ ಹೆಚ್ಚಿದಷ್ಟೂ ಒಳಬಿಗಿತ ಹೆಚ್ಚು.

ಹೀಗೆ ಪರೀಕ್ಷಿಸಿದ, ಪರಸ್ಪರ ಹೊಂದುವ ಹಾಳೆಗಳ ಶ್ರೇಣಿ ಹುಟ್ಟಿಕೊಂಡದ್ದಕ್ಕೂ ಒಂದು ಕತೆಯಿದೆ. ಹ್ಯಾಂಬರ್ಗ್‌ನಲ್ಲಿ 1936ರಲ್ಲಿ ಹುಟ್ಟಿ, ಮನೆತನದ ಕಾರ್ಯಾಗಾರದಲ್ಲಿ ಗಾಜು ಕತ್ತರಿಸುವ, ಉಜ್ಜುವ ಕಸುಬು ಕಲಿತ ಕ್ಲೌಸ್ ಮೋಯೆ, 1979ರಲ್ಲಿ ವಾಷಿಂಗ್ಟನ್ ರಾಜ್ಯದ ಪಿಲ್ಚಕ್ ಗಾಜು ಶಾಲೆಯಲ್ಲಿ ಪಾಠ ಮಾಡಲು ಬಂದಾಗ ಬುಲ್ಸ್‌ಐ ಸ್ಥಾಪಕರಲ್ಲೊಬ್ಬರಾದ ಬಾಯ್ಸ್ ಲುಂಡ್‌ಸ್ಟ್ರಮ್ ಅವರನ್ನು ಭೇಟಿಯಾದರು. ಬೆಸೆಯಬಲ್ಲ ಬಣ್ಣದ ಹಾಳೆ ಬೇಕೆಂಬ ಮೋಯೆಯವರ ಬೇಡಿಕೆಯೂ ಅಂಥದನ್ನು ಮಾಡಬೇಕೆಂಬ ಕಾರ್ಖಾನೆಯ ಹಂಬಲವೂ ಅಲ್ಲಿ ಕೂಡಿಕೊಂಡವು. ಕೆಲವೇ ವರ್ಷಗಳಲ್ಲಿ, ಹೊಂದಾಣಿಕೆಯನ್ನು ಕಾರ್ಖಾನೆಯಲ್ಲೇ ಪರೀಕ್ಷಿಸಿದ ಹಾಳೆಗಳು ಮಾರುಕಟ್ಟೆಗೆ ಬಂದವು. ಮೋಯೆ 1982ರಲ್ಲಿ ಆಸ್ಟ್ರೇಲಿಯಾದ ಕ್ಯಾನ್‌ಬೆರಾಕ್ಕೆ ಹೋಗಿ ಅಲ್ಲಿನ ಕಲಾಶಾಲೆಯಲ್ಲಿ ಗಾಜಿನ ವಿಭಾಗವನ್ನು ಕಟ್ಟಿದರು. ಅಲ್ಲಿಂದ ಹೊರಟ ಒಂದು ತಲೆಮಾರು ಕಿಲ್ನ್ ಗಾಜನ್ನು ಗಂಭೀರ ಕಲೆಯ ಮಟ್ಟಕ್ಕೆ ಒಯ್ದಿತು. ಇವರೆಲ್ಲರ ಕೈಯಲ್ಲಿದ್ದ ಬಣ್ಣಗಳ ಬಹುಪಾಲು ಬರುತ್ತಿದ್ದುದು ಪೋರ್ಟ್‌ಲ್ಯಾಂಡಿನ ಆ ಒಂದು ಕಾರ್ಖಾನೆಯಿಂದ.

ವ್ಯವಹಾರದ ದೃಷ್ಟಿಯಿಂದ ಇದರ ಪರಿಣಾಮ ಕಠಿಣವಾದುದು. ಎಣ್ಣೆಬಣ್ಣದ ಚಿತ್ರಕಾರರು ಒಂದು ಕಂಪನಿಯ ಕೆಂಪು ಸಿಗದಿದ್ದರೆ ಇನ್ನೊಂದರ ಕೆಂಪನ್ನು ಅದೇ ಹಲಗೆಯ ಮೇಲೆ ಹಚ್ಚಬಹುದು. ಕಿಲ್ನ್ ಗಾಜಿನವರು ಒಮ್ಮೆ 90ರ ಶ್ರೇಣಿ ಹಿಡಿದರೆ ಅವರ ದಾಸ್ತಾನು, ಪುಡಿಗಾಜಿನ ಡಬ್ಬಿಗಳು, ಉಳಿಕೆ ತುಂಡುಗಳು, ಬರೆದಿಟ್ಟ ಕಿಲ್ನ್ ವೇಳಾಪಟ್ಟಿಗಳು ಎಲ್ಲವೂ ಅದಕ್ಕೇ ಕಟ್ಟುಬಿದ್ದಿರುತ್ತವೆ. ಶ್ರೇಣಿ ಬದಲಾಯಿಸುವುದೆಂದರೆ ಸ್ಟುಡಿಯೊವನ್ನೇ ಬದಲಾಯಿಸಿದಂತೆ.

ಮರದ ಹಾವಸೆ ತೋರಿದ ನಕ್ಷೆ

ಅಮೆರಿಕದ ಅರಣ್ಯ ಸೇವೆಯ ಸಂಶೋಧಕರಾದ ಜೆಫ್ರಿ ಡೊನೊವನ್ ಮತ್ತು ಸಾರಾ ಜೊವಾನ್ ಅವರ ತಂಡ 2013ರ ಡಿಸೆಂಬರ್‌ನಲ್ಲಿ ಪೋರ್ಟ್‌ಲ್ಯಾಂಡಿನ 346 ಜಾಗಗಳ ಮರಗಳಿಂದ ಹಾವಸೆಯ ಮಾದರಿಗಳನ್ನು ಸಂಗ್ರಹಿಸಿತು. ಹಾವಸೆಗೆ ಬೇರಿಲ್ಲ, ನೀರನ್ನೂ ಪೋಷಕಾಂಶವನ್ನೂ ಅದು ಗಾಳಿ ಮಳೆಗಳಿಂದಲೇ ಹೀರುವುದರಿಂದ ಗಾಳಿಯಲ್ಲಿರುವ ಲೋಹಗಳೂ ಅದರಲ್ಲಿ ಸೇರಿಕೊಳ್ಳುತ್ತವೆ. ವಿಶ್ಲೇಷಣೆಯ ಫಲಿತಾಂಶವನ್ನು ನಕ್ಷೆಗೆ ಇಳಿಸಿದಾಗ ಕ್ಯಾಡ್ಮಿಯಂ ದಟ್ಟವಾಗಿದ್ದ ಎರಡು ಜಾಗಗಳು ಎದ್ದು ಕಂಡವು. ಒಂದು ಬುಲ್ಸ್‌ಐ ಸುತ್ತಲಿನದು, ಇನ್ನೊಂದು ನಗರದ ಉತ್ತರ ಭಾಗದಲ್ಲಿದ್ದ ಯುರೊಬೊರೊಸ್ ಎಂಬ ಇನ್ನೊಂದು ಬಣ್ಣದ ಗಾಜಿನ ಕಾರ್ಖಾನೆಯ ಸುತ್ತಲಿನದು. ಗಾಳಿಯ ಅಳತೆಗೆ ದುಬಾರಿ ಯಂತ್ರಗಳನ್ನು ಕೆಲವೇ ಕಡೆ ನೆಡುವ ಪದ್ಧತಿಯಲ್ಲಿ ತಪ್ಪಿಸಿಕೊಂಡದ್ದು ಮರದ ತೊಗಟೆಯ ಮೇಲಿನ ಹಸಿರಿನಲ್ಲಿ ಸಿಕ್ಕಿಬಿದ್ದಿತ್ತು.

ಆರೆಗನ್ ಪರಿಸರ ಇಲಾಖೆಯು 2015ರ ಅಕ್ಟೋಬರ್‌ನಲ್ಲಿ ಬುಲ್ಸ್‌ಐ ಸಮೀಪ ಗಾಳಿಯನ್ನು ನೇರವಾಗಿ ಅಳೆಯಿತು. ಆರ್ಸೆನಿಕ್ ರಾಜ್ಯದ ಮಾನದಂಡಕ್ಕಿಂತ 159 ಪಟ್ಟು, ಕ್ಯಾಡ್ಮಿಯಂ 49 ಪಟ್ಟು ಇದ್ದವು. ಆ ಮಾನದಂಡಗಳು ಜೀವಮಾನವಿಡೀ ಅದೇ ಗಾಳಿ ಸೇವಿಸಿದರೆ ಬರಬಹುದಾದ ಕ್ಯಾನ್ಸರ್ ಅಪಾಯದ ಲೆಕ್ಕದ ಮೇಲೆ ನಿಂತ ಗುರಿಗಳಾಗಿದ್ದವೇ ಹೊರತು ಮೀರಿದರೆ ದಂಡ ಬೀಳುವ ಕಾನೂನುಮಿತಿಗಳಾಗಿರಲಿಲ್ಲ. ಹಾಗಾಗಿ ಕಾರ್ಖಾನೆ ತನಗಿದ್ದ ಪರವಾನಗಿಯ ಮಟ್ಟಿಗೆ ನಿಯಮದೊಳಗೇ ನಡೆಯುತ್ತಿತ್ತು, ಸುತ್ತಲಿನ ನಿವಾಸಿಗಳು ಮಾತ್ರ ಇದನ್ನೆಲ್ಲ ಪತ್ರಿಕೆಯಲ್ಲಿ ಓದಿ ತಿಳಿಯಬೇಕಾಯಿತು. ಹತ್ತಿರದ ಮನೆಗಳವರಿಗೆ ಕೈತೋಟದ ತರಕಾರಿ ತಿನ್ನಬೇಡಿರೆಂದು ಆರೋಗ್ಯ ಇಲಾಖೆ ಸೂಚಿಸಿತು. ಮಣ್ಣಿನ ಪರೀಕ್ಷೆಯ ಫಲಿತಾಂಶ ಬಂದ ಮೇಲೆ ಆ ಸೂಚನೆಯನ್ನು ಹಿಂತೆಗೆದುಕೊಂಡಿತು.

ಮುಂದಿನ ಬೆಳವಣಿಗೆಗಳು ಬೇಗಬೇಗ ನಡೆದವು. ಬಣ್ಣದ ಗಾಜಿನ ಕಾರ್ಖಾನೆಗಳಿಗಾಗಿ ರಾಜ್ಯವು ಏಪ್ರಿಲ್‌ನಲ್ಲಿ ತಾತ್ಕಾಲಿಕ ನಿಯಮಗಳನ್ನು ತಂದಿತು. ಮೇ 19ರಂದು, ಈ ಬಾರಿ ಸೀಸದ ಪ್ರಮಾಣ ಏರಿದ ಕಾರಣಕ್ಕೆ, ರಾಜ್ಯಪಾಲೆ ಕೇಟ್ ಬ್ರೌನ್ ಅವರು ಶೋಧಕವಿಲ್ಲದ ಕುಲುಮೆಗಳಲ್ಲಿ ಅಪಾಯಕಾರಿ ಲೋಹಗಳ ಬಳಕೆಯನ್ನು 10 ದಿನ ತಡೆಹಿಡಿಯುವ ಆದೇಶ ಹೊರಡಿಸಿದರು. ಕಂಪನಿಯು ಕುಲುಮೆಯ ಹೊಗೆಯನ್ನು ಬಟ್ಟೆಚೀಲಗಳ ಮೂಲಕ ಹಾಯಿಸಿ ದೂಳು ಹಿಡಿಯುವ ಬ್ಯಾಗ್‌ಹೌಸ್ ಶೋಧಕವನ್ನು ಮೊದಲು ಒಂದು ಕುಲುಮೆಗೆ, ಆಮೇಲೆ ಉಳಿದವುಗಳಿಗೆ ಅಳವಡಿಸುತ್ತ, ನಿಂತ ಬಣ್ಣಗಳನ್ನು ಹಂತಹಂತವಾಗಿ ಮತ್ತೆ ತಯಾರಿಸತೊಡಗಿತು. ನಿವಾಸಿಗಳು ಹೂಡಿದ್ದ ಸಾಮೂಹಿಕ ದಾವೆ 2019ರಲ್ಲಿ 65 ಲಕ್ಷ ಡಾಲರ್ ಪರಿಹಾರದೊಂದಿಗೆ ಇತ್ಯರ್ಥವಾಯಿತು. ಕೈಗಾರಿಕೆಗಳ ಹೊಗೆಯನ್ನು ಆರೋಗ್ಯದ ಅಪಾಯದ ಆಧಾರದಲ್ಲಿ ನಿಯಂತ್ರಿಸುವ ‘ಕ್ಲೀನರ್ ಏರ್ ಆರೆಗನ್’ ಕಾರ್ಯಕ್ರಮ ಬಂದದ್ದೂ ಈ ಪ್ರಕರಣದ ಒತ್ತಡದಿಂದಲೇ.

ಗಾಜಿಗೆ ಇದೇ ಕಾರಣಕ್ಕೆ ಕಟ್ಟಳೆ ಬಿದ್ದದ್ದು ಇದೇ ಮೊದಲಲ್ಲ. ತಾಜ್‌ಮಹಲ್ ಸುತ್ತಲಿನ ಗಾಳಿಯ ಪ್ರಕರಣದಲ್ಲಿ ನಮ್ಮ ಸುಪ್ರೀಂ ಕೋರ್ಟ್ 1996ರ ಡಿಸೆಂಬರ್‌ನಲ್ಲಿ, ಆ ವಲಯದ ಕೈಗಾರಿಕೆಗಳು ಕಲ್ಲಿದ್ದಲು ಬಿಟ್ಟು ನೈಸರ್ಗಿಕ ಅನಿಲಕ್ಕೆ ಬದಲಾಗಬೇಕೆಂದು ಆದೇಶಿಸಿದಾಗ ಫಿರೋಜಾಬಾದಿನ ಗಾಜಿನ ಕುಲುಮೆಗಳೂ ಅದರ ವ್ಯಾಪ್ತಿಗೆ ಬಂದಿದ್ದವು. ಅಲ್ಲಿ ಪ್ರಶ್ನೆ ಇಂಧನದ್ದಾಗಿತ್ತು. ಪೋರ್ಟ್‌ಲ್ಯಾಂಡಿನಲ್ಲಿ ಅದು ಬಣ್ಣದ ಪಾಕದೊಳಕ್ಕೇ ಕೈಹಾಕಿತು.

ಕೆಂಪಿಗೆ ಬದಲಿ ಏಕಿಲ್ಲ

ಗಾಜಿನಲ್ಲಿ ಉಜ್ವಲ ಹಳದಿಯಿಂದ ಕಿತ್ತಳೆಯ ಮೂಲಕ ಕಡುಗೆಂಪಿನವರೆಗಿನ ಸಾಲು ಬಹುಮಟ್ಟಿಗೆ ಕ್ಯಾಡ್ಮಿಯಂ, ಗಂಧಕ ಮತ್ತು ಸೆಲೆನಿಯಂ ಸೇರಿ ಆಗುವ ಅತಿಸೂಕ್ಷ್ಮ ಹರಳುಗಳ ಕೆಲಸ. ಗಂಧಕ ಹೆಚ್ಚಿದರೆ ಹಳದಿ, ಸೆಲೆನಿಯಂ ಹೆಚ್ಚಿದಂತೆ ಕೆಂಪಿನತ್ತ. ಈ ಹರಳುಗಳು ಗಾಜನ್ನು ಮತ್ತೆ ಕಾಯಿಸಿದಾಗ ಬೆಳೆಯುತ್ತವೆ. ಹಾಗಾಗಿ ಈ ಗುಂಪಿನ ಕೆಲವು ಹಾಳೆಗಳು ಅಂಗಡಿಯಲ್ಲಿ ಪೇಲವವಾಗಿಯೇ ಕಾಣುತ್ತವೆ, ಕಿಲ್ನ್‌ನಿಂದ ಹೊರಬಂದಾಗಲೇ ಅವುಗಳ ನಿಜವಾದ ಬಣ್ಣ ತಿಳಿಯುವುದು. ಇದನ್ನು ಕಸುಬಿನವರು ಬಣ್ಣ ಸ್ಟ್ರೈಕ್ ಆಗುವುದು ಎನ್ನುತ್ತಾರೆ. ಹೆಚ್ಚು ಹೊತ್ತು, ಹೆಚ್ಚು ಬಿಸಿ ಕೊಟ್ಟರೆ ಅದೇ ಬಣ್ಣ ಕಂದು ತಿರುಗುತ್ತದೆ. ಮತ್ತೆ ಮತ್ತೆ ಕಿಲ್ನ್‌ಗೆ ಹೋದರೆ ಈ ಬೆಚ್ಚನೆಯ ಬಣ್ಣಗಳ ಹೊಂದಾಣಿಕೆಯೇ ಸ್ವಲ್ಪ ಸರಿಯುವ ಸಂಭವವೂ ಉಂಟು.

ಇದಕ್ಕೆ ಬದಲಿ ಹುಡುಕಿದವರಿಗೆ ಎರಡು ದಾರಿಗಳು ಕಂಡವು, ಎರಡೂ ಕಾಲುದಾರಿಗಳೇ. ಚಿನ್ನದ ಗಾಜು ಗುಲಾಬಿ ಮತ್ತು ದಾಳಿಂಬೆಯ ಛಾಯೆಯವರೆಗೆ ಒಯ್ಯುತ್ತದೆ, ಆದರೆ ಕುಂಕುಮದ ಕೆಂಪು ಅದರಿಂದ ಬಾರದು, ಬೆಲೆಯೂ ಎಟುಕದು. ತಾಮ್ರದ ಕೆಂಪು ಬರಬೇಕಾದರೆ ಕುಲುಮೆಯೊಳಗೆ ಆಮ್ಲಜನಕ ಕಡಿಮೆಯಿರುವ ವಾತಾವರಣ ಬೇಕು. ಕಿತ್ತಳೆಗಂತೂ ಅಪಾರದರ್ಶಕ ಹಾಳೆಯಲ್ಲಿ ಸರಿಸಾಟಿಯಾದ ಇನ್ನೊಂದು ಪಾಕವಿಲ್ಲ.

ಆರ್ಸೆನಿಕ್‌ನ ಕತೆ ಬೇರೆ. ಅದು ಬಣ್ಣ ಕೊಡುವುದಕ್ಕಿಂತ ಕರಗಿದ ಗಾಜಿನ ಗುಳ್ಳೆ ಬಿಡಿಸಿ ತಿಳಿಯಾಗಿಸಲು ಬಳಕೆಯಲ್ಲಿದ್ದ ವಸ್ತು. ಬದಲಿ ಇದ್ದದ್ದರಿಂದ ಕಲಾವಿದರಿಗೆ ಅದರ ನಿರ್ಗಮನ ಹೆಚ್ಚೇನೂ ತಟ್ಟಲಿಲ್ಲ.

ಸ್ಟುಡಿಯೊದ ಲೆಕ್ಕ

ಸುದ್ದಿ ಹರಡಿದ ಕೂಡಲೇ ಅಂಗಡಿಗಳಲ್ಲಿದ್ದ ಕೆಂಪು, ಕಿತ್ತಳೆ ಹಾಳೆಗಳಿಗೆ ಮುಗಿಬಿದ್ದ ಖರೀದಿ ನಡೆಯಿತು. ಕೈಯಲ್ಲಿ ಹಣವಿದ್ದವರು ವರ್ಷಕ್ಕಾಗುವಷ್ಟು ಕೂಡಿಟ್ಟರು. ತಿಂಗಳ ಮಾರಾಟದಿಂದ ಮುಂದಿನ ತಿಂಗಳ ಗಾಜು ಕೊಳ್ಳುವ ಸಣ್ಣ ಸ್ಟುಡಿಯೊಗಳಿಗೆ ಆ ಅವಕಾಶ ಇರಲಿಲ್ಲ. ಇಂಥ ಖರೀದಿಯನ್ನು ದೂರಿ ಪ್ರಯೋಜನವಿಲ್ಲ, ಒಪ್ಪಿಕೊಂಡ ಕೆಲಸವನ್ನು ಮುಗಿಸಿಕೊಡಬೇಕಾದ ಯಾರೂ ಹಾಗೆಯೇ ಮಾಡುತ್ತಾರೆ. ಆದರೆ ಕೂಡಿಡುವುದು ಜಾಣತನವೇ ಎಂಬುದನ್ನು ಲೆಕ್ಕ ಹಾಕಿಯೇ ಹೇಳಬೇಕು.

ಲೆಕ್ಕಕ್ಕಾಗಿ ಒಂದು ಕಲ್ಪಿತ ಉದಾಹರಣೆಯನ್ನು ತೆಗೆದುಕೊಳ್ಳೋಣ. ಹೋಟೆಲೊಂದರ ಗೋಡೆಗೆ 30 ಸೆಂಟಿಮೀಟರ್ ಚೌಕದ 24 ಫಲಕಗಳನ್ನು, ಹಳದಿಯಿಂದ ಕೆಂಪಿಗೆ ಸಾಗುವ ಛಾಯೆಯಲ್ಲಿ, ಮಾಡಿಕೊಡಲು ಕಲಾವಿದೆಯೊಬ್ಬರು ಜನವರಿಯಲ್ಲಿ ಒಪ್ಪಿ ಜೂನ್‌ಗೆ ಕೊಡುವುದಾಗಿ ಬರೆದುಕೊಟ್ಟಿದ್ದಾರೆ ಎಂದಿಟ್ಟುಕೊಳ್ಳಿ. ಫಲಕ ಎರಡು ಪದರದ್ದು, ಒಟ್ಟು 6 ಮಿಲಿಮೀಟರ್ ದಪ್ಪ. ಈ ದಪ್ಪಕ್ಕೆ ಕಾರಣವಿದೆ: ಕರಗಿದ ಗಾಜು ತಾನಾಗಿ ನಿಲ್ಲಲು ಬಯಸುವ ದಪ್ಪ ಅಷ್ಟು. ಅದಕ್ಕಿಂತ ತೆಳುವಾದರೆ ಅಂಚು ಒಳಕ್ಕೆ ಸರಿದು ಆಕಾರ ಕುಗ್ಗುತ್ತದೆ, ದಪ್ಪವಾದರೆ ಹೊರಕ್ಕೆ ಹರಿಯುತ್ತದೆ. ಎರಡು ಪದರಕ್ಕೆ ಒಟ್ಟು 4.32 ಚದರ ಮೀಟರ್ ಗಾಜು ಬೇಕು. ಕತ್ತರಿಸುವಾಗ ಆಗುವ ಪೋಲಿಗೆ ನೂರಕ್ಕೆ ಇಪ್ಪತ್ತು ಸೇರಿಸಿದರೆ ಸುಮಾರು 5.2 ಚದರ ಮೀಟರ್. ಕೆಳಪದರವೆಲ್ಲ ಪಾರದರ್ಶಕ, ಮೇಲ್ಪದರ ಮಾತ್ರ ಬಣ್ಣದ್ದು ಎಂದರೆ ಅಪಾಯದಲ್ಲಿರುವ ಗಾಜು 2.6 ಚದರ ಮೀಟರ್, ತೂಕದಲ್ಲಿ 20 ಕಿಲೋ ಆಸುಪಾಸು. ಬುಲ್ಸ್‌ಐ ಪೂರ್ಣ ಹಾಳೆ ಸುಮಾರು 51 ಸೆಂಟಿಮೀಟರ್‌ಗೆ 89 ಸೆಂಟಿಮೀಟರ್ ಇರುವುದರಿಂದ ಇದು ಆರು ಹಾಳೆಗಳ ಮಾತು.

ಆರು ಹಾಳೆಗಳನ್ನು ಮುಂಗಡ ಕೈಸೇರಿದ ದಿನವೇ ಕೊಂಡಿದ್ದರೆ ಫೆಬ್ರವರಿಯ ಸುದ್ದಿ ಆ ಕೆಲಸವನ್ನು ಮುಟ್ಟುತ್ತಿರಲಿಲ್ಲ. ಒಟ್ಟು ಕೆಲಸದ ಬೆಲೆಯ ಮುಂದೆ ಅವುಗಳ ಬೆಲೆ ದೊಡ್ಡದಲ್ಲ. ಕಿಲ್ನ್ ಗಾಜಿನ ಕೆಲಸದಲ್ಲಿ ಬೆಲೆಯ ಹೆಚ್ಚಿನ ಭಾಗ ಹೋಗುವುದು ಕತ್ತರಿಸುವ, ಜೋಡಿಸುವ, ಆಮೇಲೆ ಅಂಚು ಉಜ್ಜುವ ಕೈಕೆಲಸಕ್ಕೆ ಮತ್ತು ಕಿಲ್ನ್‌ನ ಸಮಯಕ್ಕೆ. ಇದೇ ಉದಾಹರಣೆಯಲ್ಲಿ ಕಿಲ್ನ್‌ನ ಹಲಗೆ 70 ಸೆಂಟಿಮೀಟರ್ ಚೌಕದ್ದಾದರೆ ಒಂದು ಸಲಕ್ಕೆ ನಾಲ್ಕು ಫಲಕಗಳು ಹಿಡಿಯುತ್ತವೆ, ಅಂದರೆ ಆರು ಸುತ್ತು. ಪ್ರತಿ ಸುತ್ತಿನಲ್ಲೂ ಗಂಟೆಗೆ ಇನ್ನೂರು ಡಿಗ್ರಿ ಚಿಲ್ಲರೆಯಂತೆ ಏರಿಸಿ, 670 ಡಿಗ್ರಿಯ ಆಸುಪಾಸು ಅರ್ಧ ಗಂಟೆ ನಿಲ್ಲಿಸಿ ಪದರಗಳ ನಡುವಿನ ಗಾಳಿಯನ್ನು ಹಿಂಡಿ ಹೊರಹಾಕಿ, ಮೇಲಕ್ಕೆ 804 ಡಿಗ್ರಿಯವರೆಗೆ ಒಯ್ದು ಹತ್ತು ನಿಮಿಷ ಹಿಡಿದು, ಬೇಗ ಕೆಳಗಿಳಿಸಿ 482 ಡಿಗ್ರಿಯಲ್ಲಿ ಒಂದು ಗಂಟೆ ಅನೀಲಿಂಗ್ ಮಾಡಿ, ಅಂದರೆ ಒಳಬಿಗಿತ ಸಡಿಲವಾಗಲು ಬಿಟ್ಟು, ಅಲ್ಲಿಂದ ನಿಧಾನವಾಗಿ ಇಳಿಸಬೇಕು. ಒಂದು ಸುತ್ತು ತುಂಬಿಸಿ ತೆರೆಯುವಷ್ಟರಲ್ಲಿ ಒಂದು ದಿನ ಹೋಗುತ್ತದೆ. ಫಲಕದ ದಪ್ಪ 25 ಮಿಲಿಮೀಟರ್ ಆಗಿದ್ದರೆ ಅನೀಲಿಂಗ್ ಒಂದಕ್ಕೇ ನಾಲ್ಕು ಗಂಟೆ, ಆಮೇಲೆ ಮೊದಲ ಹಂತದಲ್ಲಿ ಗಂಟೆಗೆ ಕೇವಲ 15 ಡಿಗ್ರಿಯಂತೆ ಇಳಿಸಬೇಕಾಗಿ, ಕಿಲ್ನ್ ದಿನಗಟ್ಟಲೆ ಸಿಕ್ಕಿಹಾಕಿಕೊಳ್ಳುತ್ತದೆ. ಗಾಜಿನ ದಪ್ಪ ಎರಡು ಪಟ್ಟಾದರೆ ಕಿಲ್ನ್ ಸಮಯ ಎರಡು ಪಟ್ಟಿಗಿಂತ ಬಹಳ ಹೆಚ್ಚಾಗುತ್ತದೆ ಎಂಬುದನ್ನು ದರಪಟ್ಟಿಯಲ್ಲಿ ಹಲವರು ಮರೆಯುತ್ತಾರೆ.

ಹೀಗೆ ನೋಡಿದರೆ, ಒಪ್ಪಿಕೊಂಡ ಕೆಲಸಕ್ಕೆ ಬೇಕಾದ ಗಾಜನ್ನು ಮುಂಗಡದಲ್ಲೇ ಪೂರ್ತಿ ಕೊಳ್ಳುವುದು ಎಲ್ಲ ರೀತಿಯಿಂದಲೂ ಸರಿ. ಒಂದೇ ಎರಕದ ಹಾಳೆಗಳು ಸಿಗುವುದರಿಂದ ಛಾಯೆಯೂ ಏಕರೂಪವಾಗಿರುತ್ತದೆ. ಇನ್ನೂ ಬಾರದ ಕೆಲಸಕ್ಕಾಗಿ ಕೂಡಿಡುವುದು ಬೇರೆ ಮಾತು. ಗಾಜು ಕೊಳೆಯುವುದಿಲ್ಲ ನಿಜ, ಆದರೆ ಜಾಗ ತಿನ್ನುತ್ತದೆ, ಹಣವನ್ನು ಕಟ್ಟಿಹಾಕುತ್ತದೆ. 2016ರಲ್ಲಿ ಭಯದಿಂದ ಕೂಡಿಟ್ಟ ಹಾಳೆಗಳಿಗೆ ಶೋಧಕ ಬಂದ ಮೇಲೆ ವಿಶೇಷ ಬೆಲೆಯೇನೂ ಉಳಿಯಲಿಲ್ಲ ಎಂದೇ ನನ್ನ ಎಣಿಕೆ.

ಹಾಳೆ ಸಿಗದಿದ್ದವರು ವಿನ್ಯಾಸವನ್ನೇ ಬದಲಿಸಬೇಕಾಯಿತು, ಅಲ್ಲಿ ತಂತ್ರದ ಮತ್ತೊಂದು ಮಗ್ಗುಲು ಎದುರಾಯಿತು. ಕಿಲ್ನ್ ಗಾಜಿನಲ್ಲಿ ಒಂದು ಬಣ್ಣ ತೆಗೆದು ಇನ್ನೊಂದನ್ನು ಇಟ್ಟರೆ ನೆರೆಯ ಬಣ್ಣದೊಂದಿಗೆ ಅದರ ರಾಸಾಯನಿಕ ವರ್ತನೆಯೂ ಬದಲಾಗುತ್ತದೆ. ಗಂಧಕ ಅಥವಾ ಸೆಲೆನಿಯಂ ಇರುವ ಹಳದಿ, ಕೆನೆಬಣ್ಣದ ಗಾಜಿನ ಪಕ್ಕದಲ್ಲಿ ತಾಮ್ರದ ವೈಡೂರ್ಯ ಬಣ್ಣವನ್ನು ಇಟ್ಟು ಬೆಸೆದರೆ ಎರಡೂ ಸಂಧಿಸುವ ಅಂಚಿನುದ್ದಕ್ಕೂ ಪೆನ್ನಿನಲ್ಲಿ ಎಳೆದಂಥ ಕಡುಕಂದು ಗೆರೆ ಮೂಡುತ್ತದೆ. ಸೀಸವಿರುವ ಗಾಜಿನೊಂದಿಗೂ, ಬೆಳ್ಳಿಯ ತಗಡಿನೊಂದಿಗೂ ಇದೇ ಆಟ. ಅನೇಕ ಕಲಾವಿದರು ಆ ಗೆರೆಯನ್ನು ಬೇಕೆಂದೇ ಬಳಸುತ್ತಾರೆ. ಆದರೆ ಗಿರಾಕಿ ಒಪ್ಪಿದ ಮಾದರಿಯಲ್ಲಿ ಇಲ್ಲದ ಗೆರೆ ಸಿದ್ಧ ಫಲಕದಲ್ಲಿ ಬಂದರೆ ಅದು ತಕರಾರು. ಆದ್ದರಿಂದ ಬದಲಿ ಬಣ್ಣ ಹಾಕುವ ಮುನ್ನ ಅಂಗೈಯಗಲದ ಮಾದರಿಯನ್ನು ಅದೇ ವೇಳಾಪಟ್ಟಿಯಲ್ಲಿ ಕಾಯಿಸಿ, ಗಿರಾಕಿಯ ಒಪ್ಪಿಗೆಯನ್ನು ಬರಹದಲ್ಲಿ ಪಡೆಯುವುದು ಅನಿವಾರ್ಯ.

ಕರಾರುಪತ್ರದ ಪ್ರಶ್ನೆ ಇಲ್ಲಿಂದ ಹುಟ್ಟುತ್ತದೆ. ನಿರ್ದಿಷ್ಟ ಬಣ್ಣದ ಸಂಕೇತಸಂಖ್ಯೆಯನ್ನೇ ಕರಾರಿನಲ್ಲಿ ಬರೆದುಕೊಟ್ಟವರು ಇಂಥ ಸಂದರ್ಭದಲ್ಲಿ ತಾವೇ ಬಲೆಗೆ ಬೀಳುತ್ತಾರೆ. ತಯಾರಕರು ಉತ್ಪಾದನೆ ನಿಲ್ಲಿಸಿದರೆ ಹತ್ತಿರದ ಛಾಯೆಯನ್ನು ಮಾದರಿ ತೋರಿಸಿ ಬದಲಿಸಬಹುದು, ಬದಲಿಯ ಪರೀಕ್ಷೆಗೆ ಹಿಡಿಯುವಷ್ಟು ಕಾಲವನ್ನು ಗಡುವಿಗೆ ಸೇರಿಸಿಕೊಳ್ಳಬಹುದು ಎಂಬ ಎರಡು ವಾಕ್ಯಗಳು ಇದ್ದರೆ ಸಾಕು. ಅಮೆರಿಕದ ಗ್ಯಾಲರಿಗಳು ಮಾರಾಟದ ಬೆಲೆಯಲ್ಲಿ ಸಾಮಾನ್ಯವಾಗಿ ಅರ್ಧವನ್ನು ತಾವು ಇಟ್ಟುಕೊಳ್ಳುವುದರಿಂದ, ಅಲ್ಲಿ ಸಾಮಗ್ರಿಯ ಬೆಲೆ ಏರಿದಾಗ ಆ ಏರಿಕೆ ಬೀಳುವುದು ಕಲಾವಿದರ ಪಾಲಿನ ಅರ್ಧದ ಮೇಲೆ. ಬೆಲೆಪಟ್ಟಿಯನ್ನು ವರ್ಷಕ್ಕೊಮ್ಮೆ ಪರಿಷ್ಕರಿಸುವ ಷರತ್ತನ್ನು ಗ್ಯಾಲರಿಯೊಂದಿಗಿನ ಒಪ್ಪಂದದಲ್ಲಿ ಸೇರಿಸದೆ ಹೋದವರಿಗೆ 2016 ಕಷ್ಟದ ವರ್ಷವಾಗಿದ್ದಿರಲೇಬೇಕು.

ಕೊಳ್ಳುವವರು ಕೇಳುವ ಇನ್ನೊಂದು ಪ್ರಶ್ನೆಗೂ ಉತ್ತರ ಸಿದ್ಧವಿರಬೇಕಾಯಿತು: ಈ ಕೆಂಪು ತಟ್ಟೆಯಲ್ಲಿ ಊಟ ಮಾಡಬಹುದೇ? ಪೋರ್ಟ್‌ಲ್ಯಾಂಡಿನ ಸಮಸ್ಯೆ ಕುಲುಮೆಯ ಹೊಗೆಯದು. ಗಾಜಿನೊಳಗೆ ಬಂಧಿತವಾದ ಕ್ಯಾಡ್ಮಿಯಂ ಸಿದ್ಧ ತಟ್ಟೆಯಿಂದ ಹಾಗೆ ಗಾಳಿಗೆ ಹಾರುವುದಿಲ್ಲ. ಹುಳಿ ಪದಾರ್ಥ ತಾಗಿದಾಗ ಲೋಹ ಸೋರುತ್ತದೆಯೇ ಎಂಬುದು ಪ್ರತ್ಯೇಕ ಪರೀಕ್ಷೆಯಿಂದಲೇ ತಿಳಿಯಬೇಕಾದ ವಿಷಯ. ಪರೀಕ್ಷೆ ಮಾಡಿಸದವರು ಅಂಥ ತಟ್ಟೆಯನ್ನು ಅಲಂಕಾರಕ್ಕೆ ಮಾತ್ರ ಎಂದು ಗುರುತಿಸಿ ಮಾರುವುದು ಪ್ರಾಮಾಣಿಕ ಮಾರ್ಗ. ಅಪಾಯ ನಿಜವಾಗಿ ಇರುವುದು ಕಲಾವಿದರ ಸ್ವಂತ ಶ್ವಾಸಕೋಶಕ್ಕೆ. ಅಂಚು ಉಜ್ಜುವಾಗ ಸದಾ ನೀರು ಹರಿಯುತ್ತಿರಬೇಕು, ಪುಡಿಗಾಜು ಜರಡಿ ಹಿಡಿಯುವಾಗ ದೂಳು ತಡೆಯುವ ಮುಖಗವಸು ಇರಬೇಕು, ನೆಲವನ್ನು ಗುಡಿಸದೆ ಒದ್ದೆ ಬಟ್ಟೆಯಲ್ಲಿ ಒರೆಸಬೇಕು. ಕಾರ್ಖಾನೆಯ ಹೊಗೆಯ ಬಗ್ಗೆ ಆಕ್ರೋಶಪಟ್ಟವರೂ ತಮ್ಮ ಶೆಡ್ಡಿನಲ್ಲಿ ಒಣ ಪೊರಕೆ ಆಡಿಸುತ್ತಿದ್ದರೆ ಆಶ್ಚರ್ಯವಿಲ್ಲ.

ಅದೇ ವರ್ಷ ಮುಚ್ಚಿದ ಇನ್ನೊಂದು ಬಾಗಿಲು

ಬುಲ್ಸ್‌ಐ ಬಿಟ್ಟು 96ರ ಶ್ರೇಣಿಗೆ ಹೋದರಾಯಿತು ಎಂದು ಯೋಚಿಸಿದವರಿಗೂ ಆ ವರ್ಷ ಅನುಕೂಲವಾಗಲಿಲ್ಲ. 1976ರಲ್ಲಿ ಆರಂಭವಾಗಿ ವುಡಿನ್‌ವಿಲ್‌ನಲ್ಲಿ ನಡೆಯುತ್ತಿದ್ದ ಸ್ಪೆಕ್ಟ್ರಮ್ ಗ್ಲಾಸ್ ತಾನು ಮುಚ್ಚುವುದಾಗಿ 2016ರಲ್ಲೇ ಘೋಷಿಸಿತು. ಕುಗ್ಗಿದ ಮಾರುಕಟ್ಟೆಗೆ ಅದರ ಕಾರ್ಖಾನೆ ಮಿತಿಮೀರಿ ದೊಡ್ಡದಾಗಿತ್ತು, ಹೊಸ ಪರಿಸರ ನಿಯಮಗಳು ಎಲ್ಲಿಗೆ ಮುಟ್ಟುತ್ತವೆ ಎಂಬ ಅನಿಶ್ಚಯವೂ ಸೇರಿಕೊಂಡಿತು. ಅದರ ಪಾಕಗಳನ್ನು ಕ್ಯಾಲಿಫೋರ್ನಿಯಾದ ಕಾರ್ಲ್ಸ್‌ಬಾಡ್‌ನ ಓಷನ್‌ಸೈಡ್ ಕಂಪನಿ ಕೊಂಡು, ಮೆಕ್ಸಿಕೊದ ಟಿಹ್ವಾನಾದಲ್ಲಿರುವ ತನ್ನ ಕಾರ್ಖಾನೆಗೆ ತಯಾರಿಕೆಯನ್ನು ಸಾಗಿಸಿತು. ಮರುವರ್ಷ ಯುರೊಬೊರೊಸ್ ಕೂಡ ಅದೇ ಕೈಗೆ ಸೇರಿತು. ಹಾವಸೆಯ ನಕ್ಷೆಯಲ್ಲಿ ಕಂಡ ಎರಡು ಕಾರ್ಖಾನೆಗಳಲ್ಲಿ ಪೋರ್ಟ್‌ಲ್ಯಾಂಡಿನಲ್ಲಿ ಉಳಿದದ್ದು ಒಂದೇ. ಕಿಲ್ನ್ ಗಾಜಿನ ಶ್ರೇಣಿಗೆ ಕಾರಣರಾದ ಮೋಯೆಯವರು ತೀರಿಕೊಂಡದ್ದೂ 2016ರ ಸೆಪ್ಟೆಂಬರ್‌ನಲ್ಲಿ.

ಪಾಕ ಅದೇ ಆದರೂ ಕುಲುಮೆ, ಮರಳು, ಕೈಗಳು ಬದಲಾದಾಗ ಗಾಜು ಅದೇ ಇರುತ್ತದೆಯೇ? 96ರ ಹಳೆಯ ದಾಸ್ತಾನನ್ನೂ ಹೊಸ ಊರಿನ ಹಾಳೆಯನ್ನೂ ಒಂದೇ ಫಲಕದಲ್ಲಿ ಬೆಸೆಯುವ ಮುನ್ನ ಚೂರು ಪರೀಕ್ಷೆ ಮಾಡುವುದು ಆಗ ಅಗತ್ಯವಾಯಿತು. ಪಶ್ಚಿಮ ವರ್ಜೀನಿಯಾದಲ್ಲಿ 1904ರಿಂದ ಇದ್ದ ವಿಸ್‌ಮ್ಯಾಕ್ ಕಂಪನಿ 90 ಮತ್ತು 96 ಎಂಬ ಎರಡೂ ಹೆಸರಿನಲ್ಲಿ ಬೆಸೆಯುವ ಗಾಜು ತಯಾರಿಸುತ್ತಿದ್ದುದು ಹಲವರ ಕಣ್ಣಿಗೆ ಬಿದ್ದಿತು. ಅಲ್ಲಿಯೂ ಮಾತು ಅದೇ: ಡಬ್ಬಿಯ ಮೇಲೆ 90 ಎಂದು ಬರೆದಿದ್ದರೆ ಅದು ಬುಲ್ಸ್‌ಐ ಗಾಜಿನೊಂದಿಗೆ ಹೊಂದುತ್ತದೆ ಎಂಬ ಖಾತರಿಯಿಲ್ಲ, ಧ್ರುವೀಕರಣ ಹಾಳೆಗಳ ನಡುವೆ ಹಿಡಿದು ನೋಡಿದ ಮೇಲೆಯೇ ನಂಬಬೇಕು.

ಭಾರತದಲ್ಲಿ ಕಿಲ್ನ್ ಗಾಜಿನ ಕೆಲಸ ಮಾಡುವವರಿಗೆ ಈ ಪ್ರಕರಣ ದೂರದ್ದಲ್ಲ, ಏಕೆಂದರೆ ಇಲ್ಲಿಯೂ ಬೆಸೆಯುವ ಬಣ್ಣದ ಹಾಳೆ ಬೇಕೆಂದರೆ ಹಡಗಿನಲ್ಲಿ ಬರಬೇಕು, ಸುಂಕ ಕಟ್ಟಬೇಕು, ದಾರಿಯಲ್ಲಿ ಒಡೆದದ್ದನ್ನು ಲೆಕ್ಕದಿಂದ ಕಳೆಯಬೇಕು. ಇದನ್ನು ತಪ್ಪಿಸಲು ಹಲವರು ಕಿಟಕಿಗೆ ಹಾಕುವ ಫ್ಲೋಟ್ ಗಾಜನ್ನೇ ಬಳಸುತ್ತಾರೆ. ತಮಿಳುನಾಡಿನ ಶ್ರೀಪೆರಂಬದೂರಿನಲ್ಲಿ ಇಂಥ ಗಾಜಿನ ದೊಡ್ಡ ಕಾರ್ಖಾನೆ ಇರುವುದರಿಂದ ಬೆಂಗಳೂರಿನ ಗಾಜಿನಂಗಡಿಗಳಲ್ಲಿ ಪಾರದರ್ಶಕ ಹಾಳೆಗೆ ಕೊರತೆಯಿಲ್ಲ. ಆದರೆ ಫ್ಲೋಟ್ ಗಾಜು 90ರ ಗಾಜಿಗಿಂತ ಕಡಿಮೆ ಹಿಗ್ಗುತ್ತದೆ, ಬೆಸೆಯಲು ಹೆಚ್ಚು ಬಿಸಿ ಕೇಳುತ್ತದೆ, ಆ ಬಿಸಿಯಲ್ಲಿ ಮೇಲ್ಮೈ ಮಂಕಾಗಿ ಹರಳುಗಟ್ಟುವ ಸ್ವಭಾವವೂ ಅದಕ್ಕಿದೆ. ಕರಗಿದ ತವರದ ಮೇಲೆ ತೇಲಿ ತಯಾರಾದ ಗಾಜಾದ್ದರಿಂದ ಒಂದು ಮಗ್ಗುಲಿಗೆ ತವರದ ಅಂಶ ಅಂಟಿರುತ್ತದೆ, ಯಾವ ಮಗ್ಗುಲು ಮೇಲೆ ಬರಬೇಕೆಂಬುದನ್ನು ನೋಡಿ ಇಡಬೇಕು. ಬುಲ್ಸ್‌ಐ ಕೆಂಪನ್ನು ಅದರ ಮೇಲೆ ಬೆಸೆಯುವಂತಿಲ್ಲ. ಫ್ಲೋಟ್‌ಗೆ ಹೊಂದುವ ಎನಾಮಲ್ ಬಣ್ಣಗಳನ್ನು ಬಳಿದು ಕಾಯಿಸಬಹುದು, ಆದರೆ ಹಾಳೆಯ ಒಡಲಲ್ಲೇ ಇರುವ ಬಣ್ಣದ ಆಳ ಬಳಿದ ಬಣ್ಣಕ್ಕೆ ಬರುವುದಿಲ್ಲ. ಹಾಗಾಗಿ ಫ್ಲೋಟ್ ಹಿಡಿದವರು ಬಣ್ಣಕ್ಕಿಂತ ಉಬ್ಬುತಗ್ಗು, ಗುಳ್ಳೆ, ಅಚ್ಚಿನ ಮೇಲೆ ಇಳಿಬಿಡುವ ಸ್ಲಂಪಿಂಗ್ ಇವುಗಳ ಮೇಲೆ ತಮ್ಮ ಕೆಲಸವನ್ನು ನಿಲ್ಲಿಸುತ್ತಾರೆ. ಪೂರೈಕೆಯ ದೃಷ್ಟಿಯಿಂದ ಅದು ಗಟ್ಟಿ ನೆಲ. ಬಣ್ಣವೇ ತಮ್ಮ ಭಾಷೆ ಎಂದುಕೊಂಡವರು ಮಾತ್ರ ಆರು ತಿಂಗಳ ಕೆಂಪನ್ನು ಮುಂಚಿತವಾಗಿ ತರಿಸಿ, ಪ್ರತಿ ಪೆಟ್ಟಿಗೆಯಿಂದಲೂ ಒಂದೊಂದು ಚೂರು ಒಡೆದು ಪರೀಕ್ಷೆಗೆ ಹಾಕಿ, ಎರಕದ ಸಂಖ್ಯೆಯನ್ನು ಹಾಳೆಯ ಅಂಚಿನಲ್ಲೇ ಬರೆದಿಟ್ಟುಕೊಳ್ಳುತ್ತಾರೆ.